ಒಇಟಿ ರಿವ್ಯೂ: ರೋಗಿಯ ಜೊತೆ ಪ್ರೀತಿಯಿಂದ ಮಾತಾಡುವುದಕ್ಕೂ ಅಂಕ ಕೊಡುವ ಇಂಗ್ಲಿಷ್ ಪರೀಕ್ಷೆ

ಬ್ರಿಟನ್‌ಗೆ ಹೋಗಬೇಕು ಅಂತಿರುವ ನರ್ಸ್‌ಗಳು ಫೋನ್ ಮಾಡಿದಾಗ ಕೇಳುವ ಮೊದಲ ಪ್ರಶ್ನೆ ಒಂದೇ. ಅಲ್ಲಿನ ಕೆಲಸಕ್ಕೆ ಬೇಕಾದ ಇಂಗ್ಲಿಷ್ ಪರೀಕ್ಷೆಗೆ, ಎಲ್ಲ ಕ್ಷೇತ್ರದವರೂ ಬರೆಯುವ ಐಇಎಲ್‌ಟಿಎಸ್ ಬರೆಯಲಾ, ಆಸ್ಪತ್ರೆ ಕೆಲಸದವರಿಗೆಂದೇ ಇರುವ ಒಇಟಿ ಬರೆಯಲಾ? ಒಇಟಿ ಬರೀರಿ ಅಂತಲೇ ಹೇಳುತ್ತೇನೆ. ದುಡ್ಡು ಜಾಸ್ತಿ, ಗೊತ್ತು. ಆದರೂ ಅದನ್ನೇ ಬರೀರಿ. ಅದು ಸುಲಭ ಅಂತ ಹೇಳುತ್ತಿಲ್ಲ. ಹೆದರಿ ಕೂತಿರುವ ರೋಗಿಯ ಹತ್ತಿರ ಇಂಗ್ಲಿಷಿನಲ್ಲಿ ಹೇಗೆ ಮಾತಾಡಬೇಕು, ಮಾತಿಗೆ ಮೊದಲು ಹೇಗೆ ಕೇಳಿಸಿಕೊಳ್ಳಬೇಕು ಅನ್ನುವುದನ್ನು ಒಂದು ಪರೀಕ್ಷೆ ಇಷ್ಟು ಗಂಭೀರವಾಗಿ ತಗೊಂಡದ್ದನ್ನು ನಾನು ಬೇರೆ ಎಲ್ಲೂ ನೋಡಿಲ್ಲ. ಅದಕ್ಕೇ ಈ ರಿವ್ಯೂ ಸ್ವಲ್ಪ ಉದ್ದವಾಗಿಯೇ ಬರೆಯುತ್ತಿದ್ದೇನೆ.

ನಾನು ಮಂಗಳೂರಿನಲ್ಲಿ ಮೆಡಿಕಲ್ ವಾರ್ಡಿನಲ್ಲಿದ್ದವಳು. ಈಗ ಇಂಗ್ಲೆಂಡಿನ ಒಂದು ಆಸ್ಪತ್ರೆಯಲ್ಲಿ ವಯಸ್ಸಾದವರ ವಾರ್ಡಿನಲ್ಲಿದ್ದೇನೆ. ಹಾಗಾಗಿ ಪರೀಕ್ಷೆ ಬರೆದವಳಾಗಿಯೂ, ಆ ಪರೀಕ್ಷೆಯಲ್ಲಿ ಕಲಿತದ್ದು ಡ್ಯೂಟಿಯಲ್ಲಿ ಎಷ್ಟು ಕೆಲಸಕ್ಕೆ ಬಂತು ಅಂತ ನೋಡಿದವಳಾಗಿಯೂ ಹೇಳಬಲ್ಲೆ.

ಗೊತ್ತಿಲ್ಲದವರಿಗೆ ಮೊದಲು ಒಂದಿಷ್ಟು ವಿವರ. ಒಇಟಿ ಅಂದರೆ ಆಕ್ಯುಪೇಷನಲ್ ಇಂಗ್ಲಿಷ್ ಟೆಸ್ಟ್. 1980ರ ದಶಕದ ಕೊನೆಯಲ್ಲಿ ಆಸ್ಟ್ರೇಲಿಯಾದಲ್ಲಿ ಶುರುವಾಯಿತು. ಬೇರೆ ದೇಶಗಳಿಂದ ಬರುವ ಡಾಕ್ಟರು, ನರ್ಸ್‌ಗಳ ಇಂಗ್ಲಿಷ್ ಕೆಲಸಕ್ಕೆ ಸಾಕಾಗುತ್ತದೆಯೇ ಅಂತ ನೋಡಲು ಅಲ್ಲಿನ ಸರ್ಕಾರ ಮಾಡಿಸಿದ್ದು. 2013ರಿಂದ ಕೇಂಬ್ರಿಜ್ ಮತ್ತು ಮೆಲ್ಬರ್ನಿನ ಬಾಕ್ಸ್ ಹಿಲ್ ಸಂಸ್ಥೆ ಜೊತೆಯಾಗಿ ನಡೆಸುತ್ತಿವೆ. ಒಟ್ಟು 12 ವೃತ್ತಿಗಳಿಗೆ ಬೇರೆ ಬೇರೆ ಪೇಪರ್ ಇದೆ. ನರ್ಸಿಂಗ್, ಮೆಡಿಸಿನ್, ಫಾರ್ಮಸಿ, ಫಿಸಿಯೋಥೆರಪಿ ಹೀಗೆ. ಲಿಸನಿಂಗ್ ಮತ್ತು ರೀಡಿಂಗ್ ಎಲ್ಲರಿಗೂ ಒಂದೇ, ರೈಟಿಂಗ್ ಮತ್ತು ಸ್ಪೀಕಿಂಗ್ ಮಾತ್ರ ಅವರವರ ಕೆಲಸಕ್ಕೆ ತಕ್ಕ ಹಾಗೆ. ಅಂಕ ಸೊನ್ನೆಯಿಂದ 500ರವರೆಗೆ. ಬ್ರಿಟನ್ನಿನ ನರ್ಸಿಂಗ್ ಕೌನ್ಸಿಲ್ ಆದ ಎನ್‌ಎಂಸಿ ಕೇಳುವುದು ಲಿಸನಿಂಗ್, ರೀಡಿಂಗ್, ಸ್ಪೀಕಿಂಗಿನಲ್ಲಿ ಬಿ ಗ್ರೇಡ್, ಅಂದರೆ 350. ರೈಟಿಂಗಿಗೆ ಸಿ ಪ್ಲಸ್ ಸಾಕು, 300.

ಲಿಸನಿಂಗ್, ರೀಡಿಂಗ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಎರಡರಲ್ಲೂ 42 ಪ್ರಶ್ನೆ. ರೀಡಿಂಗಿನ ಮೊದಲ ಭಾಗಕ್ಕೆ ಬರೀ 15 ನಿಮಿಷ, ಅದರಲ್ಲಿ 20 ಉತ್ತರ ಬರೆಯಬೇಕು, ಓಡೋದೇ ಕೆಲಸ. ಅಭ್ಯಾಸ ಮಾಡಿದರೆ ಬರುತ್ತದೆ. ಈ ಪರೀಕ್ಷೆಯ ಜೀವ ಇರುವುದು ಸ್ಪೀಕಿಂಗಿನಲ್ಲಿ.

ಸ್ಪೀಕಿಂಗ್ ಹೀಗಿರುತ್ತದೆ. ಸುಮಾರು 20 ನಿಮಿಷ. ಮೊದಲು ಸುಮ್ನೆ ನಿಮ್ಮ ಕೆಲಸದ ಬಗ್ಗೆ ಎರಡು ಮಾತು, ಅದಕ್ಕೆ ಅಂಕವಿಲ್ಲ. ಆಮೇಲೆ ಎರಡು ರೋಲ್‌ಪ್ಲೇ. ಕೈಗೆ ಒಂದು ಕಾರ್ಡ್ ಕೊಡುತ್ತಾರೆ. ಓದಿಕೊಳ್ಳಲು ಮೂರು ನಿಮಿಷ. ಆಮೇಲೆ ಐದು ನಿಮಿಷ ಮಾತು. ನೀವು ನರ್ಸ್ ಆಗಿ ನೀವೇ, ಎದುರಿಗಿರುವವರು ರೋಗಿ ಅಥವಾ ರೋಗಿಯ ಮನೆಯವರು. ಅವರ ಕೈಯಲ್ಲೂ ಒಂದು ಕಾರ್ಡ್ ಇರುತ್ತದೆ, ಅದರಲ್ಲಿ ಏನಿದೆ ಅಂತ ನಿಮಗೆ ಗೊತ್ತಿರುವುದಿಲ್ಲ. ಅವರು ಹೆದರಿರಬಹುದು, ಸಿಟ್ಟಾಗಿರಬಹುದು, ಏನನ್ನೋ ಹೇಳಲು ಹಿಂಜರಿಯುತ್ತಿರಬಹುದು. ಎದುರಿಗೆ ಕೂತವರು ನಿಮಗೆ ಅಂಕ ಹಾಕುವುದಿಲ್ಲ. ಮಾತೆಲ್ಲ ರೆಕಾರ್ಡ್ ಆಗಿ ಬೇರೆ ಕಡೆ ಹೋಗುತ್ತದೆ, ಅಲ್ಲಿ ಕೇಳಿ ಅಂಕ ಹಾಕುತ್ತಾರೆ. ಇದು ನನಗೆ ಬಹಳ ಹಿಡಿಸಿತು. ಎದುರಿಗಿರುವವರ ಮುಖ ನೋಡಿ ಪಾಸೋ ಫೇಲೋ ಅಂತ ಊಹಿಸುವ ಗೋಜಿಲ್ಲ, ಅವರನ್ನು ರೋಗಿ ಅಂತಲೇ ನೋಡಿ ಮಾತಾಡಬಹುದು.

ಈಗ ಅಂಕ ಹೇಗೆ ಅಂತ ನೋಡಿ. ಭಾಷೆಗೆ ನಾಲ್ಕು ಅಂಶ: ಉಚ್ಚಾರ ಎದುರಿನವರಿಗೆ ತಿಳಿಯುತ್ತದೆಯೇ, ಮಾತು ಸರಾಗವಾಗಿದೆಯೇ, ಸಂದರ್ಭಕ್ಕೆ ಒಪ್ಪುವ ಮಾತೇ, ವ್ಯಾಕರಣ ಮತ್ತು ಪದಗಳು ಸಾಕಷ್ಟಿವೆಯೇ. ಇಂಗ್ಲಿಷರ ಹಾಗೆ ನಾಲಿಗೆ ತಿರುಗಿಸಬೇಕು ಅಂತ ಯಾರೂ ಕೇಳುವುದಿಲ್ಲ, ತಿಳಿದರೆ ಸಾಕು. ಇದರ ಜೊತೆಗೆ 2018ರಿಂದ ಇನ್ನೂ ಐದು ಅಂಶ ಸೇರಿಸಿದ್ದಾರೆ. ರೋಗಿಯ ಜೊತೆ ಸಂಬಂಧ ಕಟ್ಟುವುದು. ರೋಗಿಯ ಕಡೆಯಿಂದ ನೋಡುವುದು. ಮಾತನ್ನು ದಾರಿ ತಪ್ಪದ ಹಾಗೆ ನಡೆಸಿಕೊಂಡು ಹೋಗುವುದು. ಮಾಹಿತಿ ಕೇಳುವ ರೀತಿ. ಮಾಹಿತಿ ಹೇಳುವ ರೀತಿ. ಒಂದೊಂದಕ್ಕೂ ಮೂರು ಅಂಕ.

ಈ ಐದರ ಕೆಳಗೆ ಏನೇನು ನೋಡುತ್ತಾರೆ ಅನ್ನುವ ಪಟ್ಟಿಯನ್ನು ಅವರೇ ವೆಬ್‌ಸೈಟಿನಲ್ಲಿ ಹಾಕಿದ್ದಾರೆ. ಪರೀಕ್ಷೆ ಬರೆಯದವರೂ ಅದನ್ನು ಒಮ್ಮೆ ಓದಬೇಕು. ನಿಮ್ಮ ಪರಿಚಯ ಹೇಳಿಕೊಂಡಿರಾ? ಗಮನ ಕೊಟ್ಟು ಗೌರವದಿಂದ ಮಾತಾಡಿದಿರಾ? ರೋಗಿಯ ಮೇಲೆ ತೀರ್ಪು ಕೊಡದೆ ಕೇಳಿಸಿಕೊಂಡಿರಾ? ಅವರ ಮನಸ್ಸಿನ ಸ್ಥಿತಿ ನಿಮಗೆ ತಟ್ಟಿತು ಅಂತ ತೋರಿಸಿದಿರಾ? ಮೊದಲು ಮುಕ್ತ ಪ್ರಶ್ನೆ ಕೇಳಿ ಆಮೇಲೆ ಹೌದು ಅಲ್ಲ ಅನ್ನುವ ಪ್ರಶ್ನೆಗೆ ಬಂದಿರಾ? ಒಂದೇ ಉಸಿರಿನಲ್ಲಿ ಮೂರು ಪ್ರಶ್ನೆ ಕೇಳದೆ ಒಂದೊಂದಾಗಿ ಕೇಳಿದಿರಾ? ಕಾಯಿಲೆ ಬಗ್ಗೆ ಹೇಳುವ ಮೊದಲು ಅವರಿಗೆ ಈಗಾಗಲೇ ಏನು ಗೊತ್ತಿದೆ ಅಂತ ಕೇಳಿದಿರಾ? ಸ್ವಲ್ಪ ಹೇಳಿ, ನಿಲ್ಲಿಸಿ, ಅರ್ಥವಾಯಿತಾ ಅಂತ ನೋಡಿ, ಮುಂದೆ ಹೇಳಿದಿರಾ?

ನಮ್ಮ ನರ್ಸಿಂಗ್ ಕಾಲೇಜುಗಳಲ್ಲಿ ಕಮ್ಯುನಿಕೇಶನ್ ಅಂತ ಒಂದು ಪಾಠ ಇದೆ. ವ್ಯಾಖ್ಯೆ ಬರೆಯುತ್ತೇವೆ, ವಿಧಗಳನ್ನು ಬರೆಯುತ್ತೇವೆ, ಅಡ್ಡಿಗಳನ್ನು ಬರೆಯುತ್ತೇವೆ, ಹತ್ತು ಅಂಕ ಬರುತ್ತದೆ. ರೋಗಿಯ ಎದುರು ಕೂರಿಸಿ, ಈಗ ಮಾತಾಡಿ ನೋಡೋಣ ಅಂತ ಅಂಕ ಹಾಕಿದವರು ಕಡಿಮೆ. ಒಇಟಿ ಮಾಡುವುದು ಅದನ್ನೇ. ಅದಕ್ಕೇ ಇದಕ್ಕೆ ತಯಾರಾಗುವ ಸಮಯವೇ ಒಂದು ಒಳ್ಳೆಯ ಟ್ರೇನಿಂಗ್ ಅನ್ನುವುದು ನನ್ನ ಅಭಿಪ್ರಾಯ.

ನಮ್ಮವರಿಗೆ ಇಲ್ಲಿ ಒಂದು ನಿಜವಾದ ಕಷ್ಟ ಇದೆ, ಅದನ್ನು ಯಾವ ಪುಸ್ತಕವೂ ಹೇಳುವುದಿಲ್ಲ. ನಾವು ವಾರ್ಡಿನಲ್ಲಿ ಒರಟಾಗಿ ಮಾತಾಡುವವರಲ್ಲ. ಮಂಗಳೂರಿನ ಆಸ್ಪತ್ರೆಗಳಿಗೆ ಚಿಕ್ಕಮಗಳೂರು, ಶಿವಮೊಗ್ಗ, ಉತ್ತರ ಕನ್ನಡದಿಂದೆಲ್ಲ ರೋಗಿಗಳು ಬರುತ್ತಾರೆ. ಊರು ಬಿಟ್ಟು ಬಂದು ಹೆದರಿರುತ್ತಾರೆ. ಅಜ್ಜಿ, ಊಟ ಆಯ್ತಾ? ಅಜ್ಜಾ, ಸ್ವಲ್ಪ ಕೈ ಚಾಚಿ, ಒಂದೇ ಒಂದು ಚುಚ್ಚು, ಆಯ್ತು ನೋಡಿ. ಅಷ್ಟರಲ್ಲೇ ಅರ್ಧ ಹೆದರಿಕೆ ಹೋಗುತ್ತದೆ. ಅಜ್ಜಿ, ಅಮ್ಮ, ಅಣ್ಣ ಅಂತ ಕರೆದ ತಕ್ಷಣ ಸಂಬಂಧ ಆಗಿಬಿಡುತ್ತದೆ. ಇನ್ನು ಚಾಚಿ, ಕೂತ್ಕೊಳ್ಳಿ, ಬನ್ನಿ ಅನ್ನುವಾಗ ಮರ್ಯಾದೆ ಕ್ರಿಯಾಪದದ ಕೊನೆಯಲ್ಲೇ ಕೂತಿರುತ್ತದೆ, ಬೇರೆ ಹೇಳಬೇಕಾಗಿಲ್ಲ.

ಇದೇ ಮಾತನ್ನು ಇಂಗ್ಲಿಷಿಗೆ ತಂದರೆ ಏನಾಗುತ್ತದೆ? ಗಿವ್ ಯುವರ್ ಹ್ಯಾಂಡ್. ಸಿಟ್ ಹಿಯರ್. ಟೇಕ್ ದಿಸ್ ಟ್ಯಾಬ್ಲೆಟ್. ವ್ಯಾಕರಣ ಸರಿಯೇ ಇದೆ. ಆದರೆ ಅಜ್ಜಿಯೂ ಹೋಯಿತು, ಚಾಚಿ ಅನ್ನುವುದರಲ್ಲಿದ್ದ ಮರ್ಯಾದೆಯೂ ಹೋಯಿತು, ಉಳಿದದ್ದು ಬರೀ ಅಪ್ಪಣೆ. ನಮ್ಮ ಮನಸ್ಸಿನಲ್ಲಿ ಪ್ರೀತಿ ಇದ್ದರೂ ಎದುರಿನವರಿಗೆ ಅದು ಕೇಳಿಸುವುದಿಲ್ಲ. ಕಡೆಗೆ ಪ್ಲೀಸ್ ಅಂತ ಒಂದು ಸೇರಿಸುತ್ತೇವೆ, ಅದರಿಂದ ಹೆಚ್ಚೇನೂ ಆಗುವುದಿಲ್ಲ. ಕೈಂಡ್ಲಿ ಅಂತ ಸೇರಿಸಿದರೆ ಬ್ಯಾಂಕಿನ ನೋಟಿಸ್ ಓದಿದ ಹಾಗಿರುತ್ತದೆ.

ಇಂಗ್ಲಿಷಿನಲ್ಲಿ ಆ ಮೃದುತನ ಬೇರೆ ಕಡೆ ಇದೆ. ಕೇಳಿ ಮಾಡುವುದರಲ್ಲಿದೆ, ಹೇಳಿ ಮಾಡುವುದರಲ್ಲಿದೆ. ಈಸ್ ಇಟ್ ಓಕೆ ಇಫ್ ಐ ಹ್ಯಾವ್ ಎ ಲುಕ್ ಅಟ್ ಯುವರ್ ಆರ್ಮ್? ನಿಮ್ಮ ತೋಳು ಸ್ವಲ್ಪ ನೋಡಲಾ ಅಂತ. ಐಯಾಮ್ ಜಸ್ಟ್ ಗೋಯಿಂಗ್ ಟು ಟೇಕ್ ಯುವರ್ ಬ್ಲಡ್ ಪ್ರೆಶರ್, ಇಟ್ ಮೇ ಫೀಲ್ ಎ ಬಿಟ್ ಟೈಟ್. ಮುಟ್ಟುವ ಮೊದಲು ಏನು ಮಾಡುತ್ತೇನೆ, ಹೇಗನಿಸುತ್ತದೆ ಅಂತ ಹೇಳುವುದು. ವುಡ್ ಯು ಲೈಕ್ ಟು ಸಿಟ್ ಅಪ್ ಫಸ್ಟ್, ಆರ್ ಶಲ್ ವಿ ಡೂ ದಿಸ್ ಲೈಯಿಂಗ್ ಡೌನ್? ಆಯ್ಕೆಯನ್ನು ಅವರ ಕೈಗೆ ಕೊಡುವುದು. ಇಲ್ಲಿನ ನರ್ಸ್‌ಗಳ ಬಾಯಲ್ಲಿ ಪಾಪ್ ಅನ್ನುವ ಪುಟ್ಟ ಪದ ದಿನವಿಡೀ ಓಡಾಡುತ್ತದೆ. ಪಾಪ್ ಯುವರ್ ಸ್ಲೀವ್ ಅಪ್ ಫಾರ್ ಮಿ, ಪಾಪ್ ಯುವರ್‌ಸೆಲ್ಫ್ ಆನ್ ದಿ ಬೆಡ್. ನಮ್ಮಲ್ಲಿ ಸ್ವಲ್ಪ ಅನ್ನುವ ಪದ ಮಾಡುವ ಕೆಲಸವನ್ನೇ ಅದು ಅಲ್ಲಿ ಮಾಡುತ್ತದೆ.

ಇನ್ನು ಕರೆಯುವುದು ಹೇಗೆ? ಅಜ್ಜಿ ಅನ್ನಲು ಆಗುವುದಿಲ್ಲ, ಗ್ರ್ಯಾಂಡ್‌ಮಾ ಅಂದರೆ ಬೇಜಾರು ಮಾಡಿಕೊಳ್ಳುತ್ತಾರೆ. ಅದಕ್ಕೆ ಉಪಾಯ ಅವರನ್ನೇ ಕೇಳುವುದು. ವಾಟ್ ವುಡ್ ಯು ಲೈಕ್ ಮಿ ಟು ಕಾಲ್ ಯು? ರೋಲ್‌ಪ್ಲೇಯ ಮೊದಲ ನಿಮಿಷದಲ್ಲಿ ಇದನ್ನು ಕೇಳಿದರೆ ಚೆನ್ನಾಗಿರುತ್ತದೆ ಅಂತ ತಯಾರಿಯಲ್ಲಿ ಹೇಳುತ್ತಾರೆ. ಬಂದ ಮೇಲೆ ನೋಡಿದರೆ ಇಲ್ಲಿ ಅದು ದಿನನಿತ್ಯದ ಪದ್ಧತಿ. ಮಂಚದ ತಲೆಯ ಹತ್ತಿರದ ಬೋರ್ಡಿನಲ್ಲಿ ರೋಗಿಗೆ ಇಷ್ಟವಾದ ಹೆಸರನ್ನೇ ಬರೆದಿರುತ್ತಾರೆ. ಕಾಗದದಲ್ಲಿ ಮಾರ್ಗರೆಟ್ ಅಂತ ಇರುತ್ತದೆ, ಅವರಿಗೆ ಪೆಗ್ಗಿ ಅಂತ ಕರೆದರೇ ಇಷ್ಟ. ಕೆಲವರಿಗೆ ಮಿಸೆಸ್ ಅಂತ ಮನೆತನದ ಹೆಸರು ಸೇರಿಸಿಯೇ ಕರೆಯಬೇಕು.

ಪರಿಚಯ ಹೇಳಿಕೊಳ್ಳುವುದಕ್ಕೆ ಒಇಟಿಯವರು ಇಷ್ಟು ಬೆಲೆ ಕೊಡುವುದು ನೋಡಿ ಮೊದಮೊದಲು ಆಶ್ಚರ್ಯ ಆಗುತ್ತದೆ. ಹೆಸರು ಹೇಳುವುದರಲ್ಲಿ ಏನಿದೆ ಅಂತ. ಕೇಟ್ ಗ್ರೇಂಜರ್ ಅವರ ವಿಷಯ ತಿಳಿದರೆ ಆ ಪ್ರಶ್ನೆ ಇರುವುದಿಲ್ಲ. ಅವರು ಯಾರ್ಕ್‌ಶೈರಿನಲ್ಲಿ ವಯಸ್ಸಾದವರನ್ನು ನೋಡಿಕೊಳ್ಳುವ ಡಾಕ್ಟರಾಗಿದ್ದವರು. ಚಿಕ್ಕ ವಯಸ್ಸಿನಲ್ಲೇ ಗುಣವಾಗದ ಕ್ಯಾನ್ಸರ್ ಬಂತು. 2013ರಲ್ಲಿ ರೋಗಿಯಾಗಿ ಆಸ್ಪತ್ರೆಯಲ್ಲಿ ಮಲಗಿದ್ದಾಗ, ಬಂದು ಹೋಗುವ ಎಷ್ಟೋ ಜನ ತಮ್ಮ ಹೆಸರನ್ನೇ ಹೇಳುವುದಿಲ್ಲ ಅನ್ನುವುದು ಅವರ ಗಮನಕ್ಕೆ ಬಂತು. ಅವರು ದೂರು ಬರೆದು ಸುಮ್ಮನಾಗಲಿಲ್ಲ. ಹಲೋ ಮೈ ನೇಮ್ ಈಸ್ ಅಂತಲೇ ಒಂದು ಅಭಿಯಾನ ಶುರು ಮಾಡಿದರು, ಗಂಡ ಕ್ರಿಸ್ ಪಾಯಿಂಟನ್ ಜೊತೆಗಿದ್ದರು. ಹೆಸರು ಹೇಳಿಕೊಂಡರೆ ಅದು ಬರೀ ಶಿಷ್ಟಾಚಾರ ಅಲ್ಲ, ರೋಗಿಯ ಮತ್ತು ನಮ್ಮ ನಡುವೆ ಮನುಷ್ಯ ಸಂಬಂಧ ಅಲ್ಲಿಂದ ಶುರುವಾಗುತ್ತದೆ ಅನ್ನುವುದು ಅವರ ಮಾತಿನ ಸಾರ. 2016ರಲ್ಲಿ ತೀರಿಕೊಂಡರು. ಇವತ್ತಿಗೂ ಎನ್‌ಎಚ್‌ಎಸ್, ಅಂದರೆ ಬ್ರಿಟನ್ನಿನ ಸರ್ಕಾರಿ ಆರೋಗ್ಯ ಸೇವೆಯ ಆಸ್ಪತ್ರೆಗಳಲ್ಲಿ ಆ ನಾಲ್ಕು ಪದಗಳು ದೊಡ್ಡದಾಗಿ ಬರೆದ ಬ್ಯಾಡ್ಜ್ ಹಾಕಿಕೊಂಡವರು ಕಾಣುತ್ತಾರೆ. ರಾತ್ರಿ ಡ್ಯೂಟಿಯಲ್ಲಿ ಎಷ್ಟೇ ಅವಸರ ಇದ್ದರೂ ನಾನು ಹೆಸರು ಹೇಳದೆ ಯಾರ ಪರದೆಯನ್ನೂ ಸರಿಸುವುದಿಲ್ಲ.

ರೋಲ್‌ಪ್ಲೇ ಅಂದರೆ ಏನು ಅಂತ ಒಂದು ಉದಾಹರಣೆ ಕೊಡುತ್ತೇನೆ. ಇದು ಪರೀಕ್ಷೆಯಲ್ಲಿ ಬಂದದ್ದಲ್ಲ, ನಾವು ಅಭ್ಯಾಸಕ್ಕೆ ಅಂತ ಮಾಡಿಕೊಂಡಿದ್ದ ಕಾರ್ಡ್. ಎಪ್ಪತ್ತು ದಾಟಿದ ಒಬ್ಬರು, ಕಾಲಿನ ಹುಣ್ಣಿಗೆ ಇನ್‌ಫೆಕ್ಷನ್ ಆಗಿದೆ, ನರಕ್ಕೆ ಆಂಟಿಬಯಾಟಿಕ್ ಕೊಡುತ್ತಿದ್ದೇವೆ. ಈಗಲೇ ಮನೆಗೆ ಹೋಗುತ್ತೇನೆ ಅಂತ ಹಟ ಹಿಡಿದಿದ್ದಾರೆ. ನರ್ಸಿನ ಕಾರ್ಡಿನಲ್ಲಿ ಇರುವುದು ಇಷ್ಟೇ: ಯಾಕೆ ಹೋಗಬೇಕು ಅಂತ ತಿಳಿದುಕೊಳ್ಳಿ, ಔಷಧಿ ಯಾಕೆ ಮುಂದುವರಿಸಬೇಕು ಅಂತ ವಿವರಿಸಿ, ಸಮಾಧಾನ ಹೇಳಿ, ಡಾಕ್ಟರು ರೌಂಡ್ಸಿಗೆ ಬರುವವರೆಗೆ ಇರಲು ಒಪ್ಪಿಸಿ.

ಹಾಸ್ಟೆಲಿನ ಗೆಳತಿ ಆ ಅಜ್ಜನ ಪಾತ್ರ ಮಾಡುತ್ತಿದ್ದಳು. ಮನೆಯಲ್ಲಿ ಅವರ ನಾಯಿ ಒಂದೇ ಇದೆ, ಅದಕ್ಕೆ ಊಟ ಹಾಕುವವರಿಲ್ಲ ಅನ್ನುವುದು ಅವಳ ಕಾರ್ಡಿನಲ್ಲಿ ಮಾತ್ರ ಇತ್ತು. ಕೇಳಿದರೆ ಹೇಳಬೇಕು, ಕೇಳದಿದ್ದರೆ ಹೇಳಬಾರದು. ನಮ್ಮ ಗುಂಪಿನಲ್ಲಿ ಹೆಚ್ಚಿನವರು ನೇರ ಔಷಧಿಗೆ ಬಂದರು. ಸರ್, ಯು ಕಾಂಟ್ ಗೋ ನೌ, ದಿ ಇನ್‌ಫೆಕ್ಷನ್ ವಿಲ್ ಸ್ಪ್ರೆಡ್. ಅಜ್ಜ ಇನ್ನೂ ಜೋರಾಗಿ ನೋ ಅಂದರು. ಮತ್ತೆ ಇವರು ಇನ್‌ಫೆಕ್ಷನ್ ಎಷ್ಟು ಕೆಟ್ಟದ್ದು ಅಂತ ಹೇಳಿದರು, ಕಾಲು ಹೋಗಬಹುದು ಅಂದರು, ಅಷ್ಟರಲ್ಲಿ ಐದು ನಿಮಿಷ ಮುಗಿಯಿತು, ನಾಯಿಯ ಸುದ್ದಿ ಹೊರಗೆ ಬರಲೇ ಇಲ್ಲ.

ಕಾರವಾರದ ಕಡೆಯವಳೊಬ್ಬಳು ಮಾತ್ರ, ಇಂಗ್ಲಿಷ್ ನಮ್ಮೆಲ್ಲರಿಗಿಂತ ನಿಧಾನ ಅವಳದ್ದು, ಕುರ್ಚಿ ಹತ್ತಿರ ಎಳೆದುಕೊಂಡು ಕೂತು ಕೇಳಿದಳು. ಯು ಸೌಂಡ್ ವರೀಡ್. ಈಸ್ ದೇರ್ ಸಮ್‌ಥಿಂಗ್ ಅಟ್ ಹೋಮ್? ಕೇಳಿ ಸುಮ್ಮನಾದಳು. ಗೆಳತಿಗೆ ಹೇಳದೆ ಬೇರೆ ದಾರಿಯೇ ಇರಲಿಲ್ಲ. ನಾಯಿ ಹೊರಗೆ ಬಂತು. ಅವಳು ನಾಯಿಯ ಹೆಸರು ಕೇಳಿದಳು. ಪಕ್ಕದ ಮನೆಯಲ್ಲಿ ಯಾರಾದರೂ ಇದ್ದಾರಾ, ನಾವು ಇಲ್ಲಿಂದ ಫೋನ್ ಮಾಡಲಾ ಅಂತ ಕೇಳಿದಳು. ಆಮೇಲೆ, ನಿಮ್ಮ ಕಾಲಿನ ಬಗ್ಗೆ ಡಾಕ್ಟರು ಇಲ್ಲಿಯವರೆಗೆ ಏನು ಹೇಳಿದ್ದಾರೆ ಅಂದಳು. ಆಗ ಅಜ್ಜ ಕೇಳಿಸಿಕೊಳ್ಳಲು ತಯಾರಿದ್ದರು. ಔಷಧಿಯ ವಿಷಯ ಎರಡೇ ವಾಕ್ಯದಲ್ಲಿ ಮುಗಿಯಿತು. ಅವಳ ವಾಕ್ಯಗಳಲ್ಲಿ ಅಲ್ಲಲ್ಲಿ ತಪ್ಪಿತ್ತು, ಆದರೆ ಅವತ್ತು ರೂಮಿನಲ್ಲಿದ್ದ ನಮಗೆಲ್ಲ ಈ ಪರೀಕ್ಷೆ ಏನು ಕೇಳುತ್ತಿದೆ ಅನ್ನುವುದು ಅವಳಿಂದಲೇ ಗೊತ್ತಾಯಿತು.

ಇದಕ್ಕೆ ಪೂರ್ತಿ ಉಲ್ಟಾ ಇರುವುದು ಕೋಚಿಂಗ್. ನಾನು ಹೋಗುತ್ತಿದ್ದ ಒಂದು ಕೋಚಿಂಗ್ ಸೆಂಟರಿನಲ್ಲಿ ಎಲ್ಲರಿಗೂ ಒಂದು ಹಾಳೆ ಕೊಟ್ಟಿದ್ದರು. ಬಾಯಿಪಾಠ ಮಾಡಬೇಕಾದ ವಾಕ್ಯಗಳು. ಐ ಕಂಪ್ಲೀಟ್ಲಿ ಅಂಡರ್‌ಸ್ಟ್ಯಾಂಡ್ ಯುವರ್ ಕನ್ಸರ್ನ್. ಪ್ಲೀಸ್ ಡೋಂಟ್ ವರಿ, ಯು ಆರ್ ಇನ್ ಸೇಫ್ ಹ್ಯಾಂಡ್ಸ್. ರೋಗಿ ಏನೇ ಹೇಳಲಿ, ಇದನ್ನು ಒಮ್ಮೆ ಹೇಳಿ ಮುಂದೆ ಹೋಗಿ ಅಂತ ಹೇಳಿಕೊಡುತ್ತಿದ್ದರು. ರೋಗಿ ಇನ್ನೂ ತನ್ನ ಚಿಂತೆ ಏನು ಅಂತಲೇ ಹೇಳಿರುವುದಿಲ್ಲ, ಆಗಲೇ ನಿಮ್ಮ ಚಿಂತೆ ಪೂರ್ತಿ ಅರ್ಥವಾಯಿತು ಅಂದರೆ ಕೇಳಿದವರಿಗೆ ಹೇಗಾಗಬೇಡ? ಅದಕ್ಕಾಗಿ ತೆಗೆದುಕೊಂಡ ಫೀಸು ದಂಡ ಅನ್ನುತ್ತೇನೆ. ಅಂಕ ಹಾಕುವವರು ದಿನಕ್ಕೆ ಎಷ್ಟು ರೆಕಾರ್ಡಿಂಗ್ ಕೇಳುತ್ತಾರೋ, ಬಾಯಿಪಾಠ ಯಾವುದು, ಎದುರಿನವರ ಮಾತಿಗೆ ಹುಟ್ಟಿದ ಉತ್ತರ ಯಾವುದು ಅನ್ನುವುದು ಅವರಿಗೆ ತಿಳಿಯದೇ ಇರುತ್ತದೆಯೇ?

ಸಹಾನುಭೂತಿ ತೋರಿಸಲು ದೊಡ್ಡ ವಾಕ್ಯ ಬೇಕಾಗಿಲ್ಲ. ಐಯಾಮ್ ಸಾರಿ, ದಟ್ ಸೌಂಡ್ಸ್ ರಿಯಲಿ ಹಾರ್ಡ್ ಅಂತ ಹೇಳಿ ಸ್ವಲ್ಪ ಹೊತ್ತು ನಿಲ್ಲಿಸಿ. ಆ ನಿಲ್ಲಿಸುವುದು ಮುಖ್ಯ. ಅವರು ಹೇಳಿದ ಪದವನ್ನೇ ಹಿಡಿದು ಮುಂದಿನ ಪ್ರಶ್ನೆ ಕೇಳಿ. ಅಮ್ಮನಿಗೂ ಇದೇ ಕಾಯಿಲೆ ಇತ್ತು ಅಂತ ಅವರು ಹೇಳಿದರೆ, ಇನ್ಸುಲಿನ್ ಪಾಠಕ್ಕೆ ಹೋಗಬೇಡಿ, ಅಮ್ಮನ ಬಗ್ಗೆ ಕೇಳಿ. ಹೆದರಿಕೆ ಅಲ್ಲೇ ಇರುತ್ತದೆ.

ರೈಟಿಂಗ್ ಬಗ್ಗೆಯೂ ಎರಡು ಮಾತು ಹೇಳಲೇಬೇಕು. 45 ನಿಮಿಷ, ಅದರಲ್ಲಿ ಐದು ನಿಮಿಷ ಓದಲು. ರೋಗಿಯ ಕೇಸ್ ನೋಟ್ಸ್ ಕೊಟ್ಟು, ಇನ್ನೊಬ್ಬ ನರ್ಸಿಗೋ ಡಾಕ್ಟರಿಗೋ ಪತ್ರ ಬರೆಯಿರಿ ಅನ್ನುತ್ತಾರೆ. 180ರಿಂದ 200 ಪದ. ನೋಟ್ಸಿನಲ್ಲಿ ಬೇಕಾದದ್ದೂ ಇರುತ್ತದೆ, ಬೇಡದ್ದೂ ಇರುತ್ತದೆ. ಹಿಂದೆ ಯಾವಾಗಲೋ ಆದ ಸಣ್ಣ ಆಪರೇಶನ್ ಬಗ್ಗೆ ಮನೆಗೆ ಬಂದು ಡ್ರೆಸ್ಸಿಂಗ್ ಮಾಡುವ ನರ್ಸಿಗೆ ಹೇಳಬೇಕಾ? ಅವರು ಮನೆಯ ಬಾಗಿಲು ತಟ್ಟುವ ಮೊದಲು ಏನು ಗೊತ್ತಿರಬೇಕು? ಮೊದಲ ಪ್ಯಾರಾದಲ್ಲೇ ಪತ್ರ ಯಾಕೆ ಅಂತ ಹೇಳಿದಿರಾ ಅನ್ನುವುದಕ್ಕೇ ಬೇರೆ ಅಂಕ ಇದೆ. ಓದುವವರ ಸಮಯಕ್ಕೆ ಬೆಲೆ ಕೊಡುವುದನ್ನು ಹೀಗೆ ಕಲಿಸುತ್ತಾರಲ್ಲ, ಅದು ನನಗೆ ಇಷ್ಟವಾಯಿತು. ಈಗ ನಾನು ಹ್ಯಾಂಡೋವರ್ ಕೊಡುವಾಗಲೂ ಮೊದಲು ಯೋಚಿಸುವುದು ಅದನ್ನೇ: ಮುಂದಿನ ಶಿಫ್ಟಿನವಳಿಗೆ ಈಗ ಬೇಕಾದದ್ದು ಏನು?

ಇನ್ನು ಕೊರತೆಗಳು. ಮೊದಲನೆಯದು ದುಡ್ಡು. ಫೀಸ್ ಮೂವತ್ತು ಸಾವಿರ ರೂಪಾಯಿಯ ಆಸುಪಾಸು. ಐಇಎಲ್‌ಟಿಎಸ್ ಇದಕ್ಕಿಂತ ಎಷ್ಟೋ ಕಡಿಮೆ. ನಮ್ಮ ಖಾಸಗಿ ಆಸ್ಪತ್ರೆಗಳಲ್ಲಿ ಸ್ಟಾಫ್ ನರ್ಸಿನ ತಿಂಗಳ ಸಂಬಳ ಎಷ್ಟು ಅಂತ ಗೊತ್ತಿರುವವರಿಗೆ ಇದರ ಭಾರ ಹೇಳಬೇಕಾಗಿಲ್ಲ. ಒಂದು ಭಾಗದಲ್ಲಿ ಸ್ವಲ್ಪ ಕಡಿಮೆ ಬಂದರೂ ಮತ್ತೆ ಫೀಸ್ ಕಟ್ಟಬೇಕು. ಸಾಲ ಮಾಡಿ, ಚಿನ್ನ ಅಡವಿಟ್ಟು ಬರೆದವರನ್ನು ನಾನು ಬಲ್ಲೆ. ನರ್ಸ್‌ಗಳಿಗಾಗಿಯೇ ಇರುವ ಪರೀಕ್ಷೆ ನರ್ಸ್‌ಗಳ ಕೈಗೆಟುಕುವ ಬೆಲೆಯಲ್ಲಿ ಇರಬೇಕು. ಇದು ನನ್ನ ದೊಡ್ಡ ದೂರು. ಕೆಲವು ಆಸ್ಪತ್ರೆಗಳು ಕೆಲಸ ಕೊಟ್ಟ ಮೇಲೆ ಫೀಸ್ ವಾಪಸ್ ಕೊಡುತ್ತವೆ, ಸೇರುವ ಮೊದಲು ಇದನ್ನು ಬರವಣಿಗೆಯಲ್ಲಿ ಕೇಳಿಕೊಳ್ಳಿ.

ಎರಡನೆಯದು, ಇಲ್ಲಿಗೆ ಬಂದ ಮೇಲೆ ಕಿವಿಗೆ ಬೀಳುವ ಇಂಗ್ಲಿಷ್ ಪರೀಕ್ಷೆಯಲ್ಲಿ ಇಲ್ಲ. ಪರೀಕ್ಷೆಯ ರೋಗಿ ಸ್ಪಷ್ಟವಾಗಿ ಮಾತಾಡುತ್ತಾರೆ. ವಾರ್ಡಿನ ರೋಗಿ, ನೀಡ್ ಟು ಸ್ಪೆಂಡ್ ಎ ಪೆನ್ನಿ ಅನ್ನುತ್ತಾರೆ. ಬಾತ್‌ರೂಮಿಗೆ ಹೋಗಬೇಕು ಅಂತ ಅರ್ಥ. ಹಿಂದೆ ಸಾರ್ವಜನಿಕ ಶೌಚಾಲಯಕ್ಕೆ ಒಂದು ಪೆನ್ನಿ ಹಾಕಬೇಕಿತ್ತಂತೆ, ಆ ಮಾತು ಹಳಬರ ಬಾಯಲ್ಲಿ ಉಳಿದಿದೆ. ವಾಟರ್‌ವರ್ಕ್ಸ್ ಅಂದರೆ ಮೂತ್ರಕ್ಕೆ ಸಂಬಂಧಿಸಿದ್ದು. ಪೂರ್ಲಿ ಅಂದರೆ ಹುಷಾರಿಲ್ಲ. ಯಾರ್ಕ್‌ಶೈರಿನಲ್ಲಿ ನಿಮ್ಮನ್ನು ಲವ್ ಅಂತ ಕರೆಯುತ್ತಾರೆ, ನ್ಯೂಕಾಸಲಿನಲ್ಲಿ ಪೆಟ್, ನಾಟಿಂಗ್‌ಹ್ಯಾಮ್, ಸ್ಟೋಕ್ ಕಡೆ ಡಕ್. ಮೊದಲ ಸಲ ಕೇಳಿದವರು ಗಾಬರಿಯಾಗುತ್ತಾರೆ. ಅದು ಅಕ್ಕರೆಯಿಂದ ಕರೆಯುವುದು, ನಮ್ಮಲ್ಲಿ ಮಗಾ, ಪುಟ್ಟಿ ಅನ್ನುವ ಹಾಗೆ.

ಇದಕ್ಕಿಂತ ಮುಖ್ಯವಾದ ಒಂದು ವಿಷಯ ಇದೆ. ಇಲ್ಲಿನ ಹಿರಿಯರು ನೋವನ್ನು ನೋವು ಅಂತ ಹೇಳುವುದು ಕಡಿಮೆ. ಹೇಗಿದ್ದೀರಿ ಅಂದರೆ ನಾಟ್ ಟೂ ಬ್ಯಾಡ್. ನೋವಿದೆಯಾ ಅಂದರೆ ಎ ಬಿಟ್ ಸೋರ್, ಡಿಯರ್. ಜೊತೆಗೆ ಒಂದು ಮಾತು ಇದ್ದೇ ಇರುತ್ತದೆ, ಐ ಡೋಂಟ್ ವಾಂಟ್ ಟು ಬಿ ಎ ಬಾದರ್. ನಿಮಗೆ ತೊಂದರೆ ಕೊಡಲು ಇಷ್ಟವಿಲ್ಲ ಅಂತ. ಒಂದು ರಾತ್ರಿ ಒಬ್ಬ ಅಮ್ಮ ಹೀಗೇ ಹೇಳಿ, ನೀವು ಬಿಜಿ ಇದ್ದೀರಿ, ಬೇರೆಯವರನ್ನು ನೋಡಿ ಅಂದರು. ಮಾತು ನಗುತ್ತಲೇ ಇತ್ತು. ಕೈ ಮಾತ್ರ ಸೊಂಟದ ಮೇಲಿತ್ತು, ಹೊದಿಕೆಯ ಅಂಚನ್ನು ಬಿಗಿಯಾಗಿ ಹಿಡಿದಿದ್ದರು. ಪಕ್ಕದಲ್ಲಿ ಕೂತು, ಯು ಆರ್ ನಾಟ್ ಎ ಬಾದರ್ ಅಟ್ ಆಲ್, ದಿಸ್ ಈಸ್ ವಾಟ್ ಐಯಾಮ್ ಹಿಯರ್ ಫಾರ್ ಅಂದೆ. ಹೊರಳುವಾಗ ಹೇಗಿರುತ್ತದೆ ಅಂತ ಕೇಳಿದೆ. ಆಮೇಲೆ ಗೊತ್ತಾಯಿತು, ಸಂಜೆಯಿಂದ ಸೊಂಟ ಕದಲಿಸಲು ಆಗಿರಲಿಲ್ಲ. ರೋಗಿಯ ಸುಳಿವು ಹಿಡಿಯಬೇಕು ಅಂತ ಒಇಟಿಯ ಪಟ್ಟಿಯಲ್ಲಿ ಒಂದು ಸಾಲು ಇದೆಯಲ್ಲ, ಅದು ಅವತ್ತು ಕೆಲಸಕ್ಕೆ ಬಂತು. ಆದರೆ ಈ ಬಗೆಯ ಕಡಿಮೆ ಮಾಡಿ ಹೇಳುವ ಇಂಗ್ಲಿಷನ್ನು ಪರೀಕ್ಷೆಯಲ್ಲೇ ಸ್ವಲ್ಪ ಸೇರಿಸಿದರೆ ಎಷ್ಟು ಚೆನ್ನಾಗಿರುತ್ತಿತ್ತು ಅನ್ನಿಸುತ್ತದೆ. ಸ್ಪಷ್ಟವಾಗಿ ಮಾತಾಡುವ ರೋಗಿಯಿಂದ ನೇರ ಉತ್ತರ ಪಡೆಯುವುದನ್ನು ಕಲಿತು ಬಂದ ನರ್ಸಿಗೆ ನಾಟ್ ಟೂ ಬ್ಯಾಡ್ ಅನ್ನುವುದರ ಹಿಂದೆ ಏನಿದೆ ಅಂತ ಹೇಗೆ ಗೊತ್ತಾಗಬೇಕು?

ಮೂರನೆಯದು ಚಿಕ್ಕದು. ಕಂಪ್ಯೂಟರಿನಲ್ಲಿ ಬರೆದರೆ, ಮನೆಯಿಂದಾಗಲಿ ಸೆಂಟರಿನಿಂದಾಗಲಿ, ಸ್ಪೀಕಿಂಗ್ ವಿಡಿಯೋ ಕಾಲಿನಲ್ಲಿ ನಡೆಯುತ್ತದೆ. ಎದುರಿಗೆ ಕೂತಾಗ ಸಿಗುವ ಸುಳಿವುಗಳು ಪರದೆಯಲ್ಲಿ ಅಷ್ಟಾಗಿ ಸಿಗುವುದಿಲ್ಲ. ಸುಮ್ಮನೆ ನಿಲ್ಲಿಸಿದರೆ ನೆಟ್ ಹೋಯಿತಾ ಅನ್ನುವ ಅನುಮಾನ ಬೇರೆ. ಕರೆಂಟು, ನೆಟ್ ಎರಡೂ ನಂಬುವ ಹಾಗಿಲ್ಲದ ಊರಿನವರು ಸೆಂಟರಿಗೇ ಹೋಗಿ.

ಐಇಎಲ್‌ಟಿಎಸ್ ಜೊತೆ ಹೋಲಿಸಿದರೆ? ಅದು ಕೆಟ್ಟ ಪರೀಕ್ಷೆ ಅಲ್ಲ. ಎನ್‌ಎಂಸಿ ಅದನ್ನೂ ಒಪ್ಪುತ್ತದೆ, ರೈಟಿಂಗಿನಲ್ಲಿ 6.5, ಉಳಿದ ಮೂರರಲ್ಲಿ 7 ಬೇಕು. ಓದು ಮುಗಿದ ತಕ್ಷಣ ಬರೆಯುವವರಿಗೆ, ಇಂಗ್ಲಿಷ್ ಮಾಧ್ಯಮದಲ್ಲಿ ಓದಿ ಯಾವ ವಿಷಯ ಕೊಟ್ಟರೂ ಬರೆಯಬಲ್ಲವರಿಗೆ ಅದು ಅಗ್ಗದಲ್ಲಿ ಆಗುತ್ತದೆ. ಆದರೆ ಇಷ್ಟವಾದ ಪ್ರವಾಸದ ಬಗ್ಗೆ ಎರಡು ನಿಮಿಷ ಮಾತಾಡಿ ಅಂತ ಕೇಳಿದಾಗ, ವರ್ಷಾನುಗಟ್ಟಲೆ ವಾರ್ಡಿನಲ್ಲಿ ಕೆಲಸ ಮಾಡಿದ, ಪಿಯುಸಿವರೆಗೂ ಕನ್ನಡದಲ್ಲೇ ಓದಿದ, ಜಿಎನ್‌ಎಂ ಅನ್ನುವ ನರ್ಸಿಂಗ್ ಡಿಪ್ಲೊಮಾ ಮಾಡಿದ ನರ್ಸಿಗೆ ಬಾಯಿ ಕಟ್ಟುತ್ತದೆ. ಅದೇ ನರ್ಸಿಗೆ ಒಂದು ರೋಗಿಯನ್ನು ಕೊಟ್ಟು ನೋಡಿ. ಏನು ಕೇಳಬೇಕು, ಏನು ಹೇಳಬೇಕು ಅಂತ ಅವಳಿಗೆ ಗೊತ್ತು. ಇಂಗ್ಲಿಷಿನ ದಾರಿ ಒಂದನ್ನು ಕಲಿತರಾಯಿತು. ಅಂಥವರಿಗೆ ಒಇಟಿಯೇ ಸರಿ.

ತಯಾರಿಗೆ ದುಡ್ಡು ಸುರಿಯಬೇಡಿ. ಅವರ ವೆಬ್‌ಸೈಟಿನಲ್ಲಿ ಮಾದರಿ ಪರೀಕ್ಷೆಗಳು ಪುಕ್ಕಟೆ ಸಿಗುತ್ತವೆ. ಅಂಕ ಹಾಕುವ ಪಟ್ಟಿಯೂ ಅಲ್ಲೇ ಇದೆ, ಅದನ್ನು ಪ್ರಿಂಟ್ ತೆಗೆದು ಇಟ್ಟುಕೊಳ್ಳಿ. ಜೊತೆಗೆ ಬರೆಯುವ ಇಬ್ಬರು ಮೂವರು ಸೇರಿಕೊಳ್ಳಿ. ಒಬ್ಬರು ನರ್ಸ್, ಒಬ್ಬರು ರೋಗಿ, ಮೂರನೆಯವರು ಪಟ್ಟಿ ಹಿಡಿದು ಕೇಳಿಸಿಕೊಳ್ಳಲಿ. ರೋಗಿಯ ಕಾರ್ಡನ್ನು ನರ್ಸಿಗೆ ತೋರಿಸಬೇಡಿ. ಫೋನಿನಲ್ಲಿ ರೆಕಾರ್ಡ್ ಮಾಡಿ, ಆಮೇಲೆ ಕೇಳಿ, ಯಾರು ಎಷ್ಟು ಹೊತ್ತು ಮಾತಾಡಿದರು ಅಂತ ನೋಡಿ. ನರ್ಸಿನ ದನಿಯೇ ತುಂಬಿದ್ದರೆ ಮತ್ತೆ ಮಾಡಿ. ಪ್ರತಿಯೊಬ್ಬರೂ ರೋಗಿಯ ಪಾತ್ರ ತಪ್ಪದೆ ಮಾಡಿ. ಕಂಪ್ಲೀಟ್ಲಿ ಅಂಡರ್‌ಸ್ಟ್ಯಾಂಡ್ ಅಂತ ಯಾರೋ ನಿಮ್ಮ ಮಾತು ಕತ್ತರಿಸಿದಾಗ ಹೇಗನಿಸುತ್ತದೆ ಅನ್ನುವುದು ಆ ಕುರ್ಚಿಯಲ್ಲಿ ಕೂತರೇ ತಿಳಿಯುವುದು. ಬೇರೆ ಊರುಗಳಲ್ಲಿದ್ದರೆ ಫೋನಿನಲ್ಲೇ ಮಾಡಬಹುದು, ನೈಟ್ ಡ್ಯೂಟಿ ಇಲ್ಲದ ದಿನ ಒಂದು ಗಂಟೆ ಇಟ್ಟುಕೊಂಡರೂ ಸಾಕು. ಕಾರ್ಡ್ ಬೇಕಾದವರು ಕೇಳಿ, ನಾವು ಮಾಡಿಕೊಂಡಿದ್ದವು ಇನ್ನೂ ನನ್ನ ಹತ್ತಿರ ಇವೆ, ಕಳಿಸುತ್ತೇನೆ.